ಎದುರು ಪುಟ

ನನ್ನ ಹತ್ತಿರ ಕಾರು ಕಲಿಯುವವರಿಗೆ ಗೊತ್ತಿಲ್ಲ,
ಮೆಲ್ಬರ್ನಿನ ಪಡುವಣ ಬಡಾವಣೆಗಳಲ್ಲಿ
ನಾನು ಹೇಳುವ ಎಡ, ಬಲ, ನೇರ, ಎಲ್ಲವೂ
ಮುಗಿಯುವುದು ಒಂದು ಬೇಕರಿಯ ಮುಂದೆ.
ರಿವರ್ಸ್ ಪಾರ್ಕಿಂಗ್ ಸನ್‌ಶೈನಿನಲ್ಲಿ.
ಇಕ್ಕಟ್ಟಿನ ತಿರುವು ಬ್ರೇಬ್ರೂಕಿನ ಹಿಂದೋಣಿಯಲ್ಲಿ,
ಅದೂ ಹತ್ತೂಕಾಲಿಗೆ ಸರಿಯಾಗಿ,
ಅಲ್ಲಿ ಒಲೆಯ ಬಾಗಿಲು ತೆರೆಯುವ ಹೊತ್ತಿಗೆ.

ಕಾಲಡಿ ನನ್ನ ಪಾಲಿನ ಬ್ರೇಕು,
ತೊಡೆ ಮೇಲೆ ನೋಟ್‌ಬುಕ್ಕು.
ಬಲಪುಟದಲ್ಲಿ ಅವರ ತಪ್ಪು,
ಎದುರು ಪುಟದಲ್ಲಿ ಬಾನ್ ಮೀ.

ಮೊದಲ ಸಲ ಗಾಜಿನ ಮೇಲೆ ಈ ಹೆಸರು ಓದಿದಾಗ
ನೆನಪಾದವರು ಹೈಸ್ಕೂಲಿನ ಕನ್ನಡ ಮೇಷ್ಟ್ರು.
ಬಾನ್ ಅಂದರೆ ಆಕಾಶ, ಮೀ ಅಂದರೆ ಜಳಕ ಮಾಡು.
ಬಾನೇ, ಮೀ ಎಂದು ಯಾರೋ ಕರೆದ ಹಾಗೆ,
ಎಂಟು ಡಾಲರಿಗೆ.

ದಾವಣಗೆರೆಯವಳು ನಾನು.
ಯಾವ ಹೋಟೆಲಿನ ಬೆಣ್ಣೆದೋಸೆ ಮೇಲು ಎಂಬ ಮಾತಿಗೆ
ನಮ್ಮ ಇಬ್ಬರು ಕಾಕಂದಿರು ಆರು ವರ್ಷ ಮಾತು ಬಿಟ್ಟಿದ್ದರು.
ಆ ಚಟ ಎಲ್ಲಿಗೆ ಹೋಗುತ್ತದೆ?
ವಿಮಾನದಲ್ಲಿ ಅದಕ್ಕೆ ಟಿಕೆಟ್ಟೂ ಬೇಕಿಲ್ಲ.

ಸನ್‌ಶೈನ್: ಸಿಪ್ಪೆ ಚೆನ್ನ, ಸೌತೆ ದಪ್ಪ,
ಹೆಚ್ಚಿದವನಿಗೆ ಯಾವುದೋ ಆತುರ.
ಸೇಂಟ್ ಆಲ್ಬನ್ಸ್: ಮಾಂಸ ಬೇಡ ಎಂದದ್ದಕ್ಕೆ
ಮೇಲಿಂದ ಕೆಳಗೆ ನೋಡಿ ಕರಿದ ತೋಫು ಹಾಕಿದರು.
ಗಜ್ಜರಿಗೆ ಹುಳಿ ಹತ್ತಿಲ್ಲ. ಬ್ರೆಡ್ಡು ಮಂಕು.
ಫುಟ್ಸ್‌ಕ್ರೇ, ಮಾರುಕಟ್ಟೆ ಪಕ್ಕ: ಮೆಣಸಿನಕಾಯಿಯನ್ನು
ಗಿರಾಕಿಯ ಮುಖ ನೋಡಿ ಹಾಕುತ್ತಾರೆ.
ನನಗೆ ಹಾಕಿದ್ದು ನಾಲ್ಕು ಚೂರು. ಇದಕ್ಕಿಂತ ಮರ್ಯಾದೆ ಬೇಕೆ?
ಬ್ರೆಡ್ಡಂತೂ ಹಪ್ಪಳ, ಹತ್ತಕ್ಕೆ ಒಂಬತ್ತು.

ಮಂಗಳವಾರ, ಶುಕ್ರವಾರ ಬಿಕ್ ಹ್ಯಾನ್ ಬರುತ್ತಾಳೆ.
ವಯಸ್ಸು ಅರವತ್ತೊಂದು, ಟೆಸ್ಟಿನಲ್ಲಿ ಮೂರು ಸಲ ಫೇಲು.
ರೌಂಡ್‌ಅಬೌಟಿಗೆ ಇಳಿಯುವುದಿಲ್ಲ,
ಇಳಿದರೆ ಹೊರಗೆ ಬರುವುದಿಲ್ಲ.
ಸ್ಟೀರಿಂಗನ್ನು ಕಣಕದ ಹಾಗೆ ಅದುಮಬೇಡಮ್ಮಾ
ಎಂದು ಎಷ್ಟು ಸಲ ಹೇಳಿದ್ದೇನೊ.

ಆವತ್ತು ಕೆಂಪು ದೀಪದಲ್ಲಿ ನಿಂತಾಗ
ತೊಡೆಯ ಮೇಲಿನ ಪುಟಕ್ಕೆ ಬಗ್ಗಿದಳು.
ಅಕ್ಷರ ಅವಳಿಗೆ ತಿಳಿಯದು, ಅಂಕಿ ತಿಳಿಯಿತು,
ಪಕ್ಕದಲ್ಲಿ ನಾನು ಗೀಚಿದ ಉದ್ದನೆ ಬ್ರೆಡ್ಡಿನ ಚಿತ್ರ ತಿಳಿಯಿತು.
"ಪಾಂಪಾ, ಇದು ಯಾವ ಅಂಗಡಿ? ಇದು? ಇದು?"
ಹೇಳಿದೆ. ನಗಲು ಶುರುಮಾಡಿದಳು.
ದೀಪ ಹಸಿರಾಯಿತು, ಹಿಂದಿನವನು ಹಾರ್ನು ಒತ್ತಿದ,
ಇವಳ ನಗು ಗೇರಿಗೆ ಬೀಳಲೊಲ್ಲದು.

"ಒಂದೇ ಬ್ರೆಡ್ಡು. ಒಂದೇ ಒಲೆ.
ರಾತ್ರಿ ಹತ್ತಕ್ಕೆ ನಾದುವವಳು ನಾನು,
ಮೂರಕ್ಕೆ ವ್ಯಾನು ಹೊರಡುತ್ತದೆ.
ನಿನ್ನ ಒಂಬತ್ತಕ್ಕೆ ಮೊದಲು ಸಿಗುತ್ತದೆ,
ನಿನ್ನ ಮಂಕಿಗೆ ಕೊನೆಗೆ.
ವ್ಯಾನು ಬಿಡುವ ಮೈದುನನಿಗೆ ಈಗ ಕಣ್ಣಿನ ಪೊರೆ.
ನಾನೇಕೆ ಕಲಿಯುತ್ತಿದ್ದೇನೆ ಅಂದುಕೊಂಡೆ?"

ಮತ್ತೆ ಬ್ರೇಬ್ರೂಕು, ಹತ್ತೂಕಾಲು, ಅಲ್ಲಿಯ ಒಲೆ?
"ಅದರಲ್ಲಿ ಬಿಸಿ ಮಾಡುತ್ತಾರೆ."

ಆಮೇಲೆ ನಾನು ಎಡ ಅನ್ನಲಿಲ್ಲ, ಬಲ ಅನ್ನಲಿಲ್ಲ.
ಎರಡು ರೌಂಡ್‌ಅಬೌಟು ದಾಟಿದಳು,
ಅವು ಇದ್ದವೆಂಬುದನ್ನೇ ಮರೆತವಳ ಹಾಗೆ.
ಗೋದಾಮುಗಳ ಸಾಲು, ತಗಡಿನ ಗೇಟು,
ಎರಡು ವ್ಯಾನಿನ ನಡುವೆ ಹಿಂದಕ್ಕೆ ಸರ್ರನೆ ತಂದು ನಿಲ್ಲಿಸಿ
ಒಳಗೆ ಹೋದಳು.

ಬರಿ ಬ್ರೆಡ್ಡು, ರಾತ್ರಿ ಉಳಿದದ್ದು, ಒಂದು ಕಡೆ ಸೀದದ್ದು.
ಒಳಗೆ ಏನೂ ಇಲ್ಲ.
ಮುರಿದೆ. ಸೀಟಿನ ತುಂಬ ಸಿಪ್ಪೆ ಉದುರಿತು.
ಹಸಿವು ರುಚಿ ಅರಿಯದು ಎನ್ನುತ್ತಾರೆ;
ನನಗೇನೂ ಹಸಿವಿರಲಿಲ್ಲ.

"ಬಾನ್ ಅಂದರೆ ನಮ್ಮಲ್ಲಿ ಆಕಾಶ" ಎಂದೆ, ಬಾಯಿ ತುಂಬಿಕೊಂಡು.
ಅವಳು ಮೊದಲು ಗಾಜಿನಾಚೆ ನೋಡಿದಳು,
ಆಮೇಲೆ ಸೀದ ಕಡೆಯನ್ನು.
"ಇಲ್ಲ ಪಾಂಪಾ. ಬ್ರೆಡ್ಡು."

ಎದುರು ಪುಟವನ್ನು ಹಾಗೇ ಬಿಟ್ಟೆ.
ಬಲಪುಟದಲ್ಲಿ ಬರೆದೆ:
ರಿವರ್ಸ್ ಪಾರ್ಕಿಂಗ್, ಒಂದೇ ಸಲಕ್ಕೆ.
ಕನ್ನಡಿ ನೋಡಲಿಲ್ಲ.