ಹಾಳೆ ಒಂದೇ ಇರಲಿ

ಎಲ್ಸಿರಾ ತಂದದ್ದು ಹದಿನಾಲ್ಕು ಪುಟ.
ಮೊದಲ ಪುಟದಲ್ಲಿ ಅಂಗಡಿಯ ಹೆಸರು, ಮೂರು ಬಣ್ಣದಲ್ಲಿ.
ಎರಡನೆಯದರಲ್ಲಿ ಮತ್ತೆ ಅದೇ ಹೆಸರು, ಸುತ್ತ ನೊರೆಗುಳ್ಳೆ.
ಐದರಿಂದ ಒಂಬತ್ತರವರೆಗೆ ಅವಳ ಅಮ್ಮ:
ವಾಲ್ಪರೈಸೊ ಬಂದರಿನ ನಾವಿಕರ ಅಂಗಿ ತೊಳೆದು ತೊಳೆದು
ಬೆರಳಿನ ಗೆರೆ ಕಳೆದುಕೊಂಡ ಕತೆ.
ಚೆನ್ನಾಗಿಯೇ ಇತ್ತು. ಓದುವಷ್ಟರಲ್ಲಿ ಚಹಾ ಆರಿತು.

ಮೂವತ್ತೊಂದು ವರ್ಷ ಹಡಗಿನ ಸರಕುಪಟ್ಟಿ ಬರೆದವನು ನಾನು.
ಪೆಟ್ಟಿಗೆ ಎಷ್ಟು, ತೂಕ ಎಷ್ಟು, ಒಡೆದದ್ದು ಎಷ್ಟು.
ಸಮುದ್ರದ ಬಗ್ಗೆ ಒಂದು ಸಾಲೂ ಬರೆದವನಲ್ಲ.
"ಹಾಳೆ ಒಂದೇ ಇರಲಿ," ಅಂದೆ.
"ಸಾಲ ಕೊಡುವ ಸಂಘದವರು ನಿಂತುಕೊಂಡೇ ಓದುತ್ತಾರೆ."
"ಅಮ್ಮನನ್ನು ಎಲ್ಲಿಡಲಿ, ದೊನ್ ನೊಲ್ಬೆರ್ತೊ?"
"ಜೇಬಿನಲ್ಲಿ."

ನಡುವೆ ಗೆರೆ ಎಳೆದೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ಬಿಳಿ.
ಏನು ಮಾರುತ್ತೀಯ?
ಬಟ್ಟೆ ತೊಳೆಯುವುದನ್ನು.
ಯಾರಿಗೆ?
ಗುಡ್ಡದ ಎಲ್ಲರಿಗೂ.
ಎಲ್ಲರೂ ಅನ್ನುವವರು ಇದುವರೆಗೆ
ನನ್ನ ಬಾಗಿಲು ತಟ್ಟಿದ್ದಿಲ್ಲ, ಮಗಳೇ. ಹೆಸರು ಹೇಳು.
ಮೆಟ್ಟಿಲ ಇಕ್ಕೆಲದ ಮನೆಗಳನ್ನು ಬೆರಳು ಮಡಚಿ ಎಣಿಸಿದಳು:
ಇವರಲ್ಲಿ ವಾಷಿಂಗ್ ಮಷಿನ್ ಇದೆ, ಅವರಲ್ಲೂ ಇದೆ,
ನೀಲಿ ತಗಡಿನ ಮನೆಯಲ್ಲಿ ಎರಡು, ಒಂದು ಕೆಟ್ಟದ್ದು.
ಎಣಿಸುತ್ತ ಎಣಿಸುತ್ತ ದನಿ ಇಳಿಯಿತು.

"ಹೋಗಲಿ, ನಿನಗೆ ಪೈಪೋಟಿ ಯಾರು?"

ಅವಳು ಕಿಟಕಿ ನೋಡಿದಳು. ಜುಲೈ.
ಕಡಲಿಂದ ಎದ್ದ ಮಂಜು ಕ್ರೇನುಗಳನ್ನು ನುಂಗಿ
ನಮ್ಮ ಮೆಟ್ಟಿಲು ಹತ್ತುತ್ತಿತ್ತು.
ಎದುರು ಮನೆಯ ಹಗ್ಗದಲ್ಲಿ ಶಾಲೆಯ ಅಂಗಿಯೊಂದು
ನಾಲ್ಕನೆಯ ದಿನವೂ ಒದ್ದೆ,
ತೋಳು ಚಾಚಿಕೊಂಡು, ಯಾರಾದರೂ ಎತ್ತಿಕೊಳ್ಳಲಿ ಎಂಬ ಹಾಗೆ.

"ಸೂರ್ಯ," ಅಂದಳು.
ನಾನು ನಕ್ಕೆ. ಅವಳು ನಗಲಿಲ್ಲ.
"ಬಿಟ್ಟಿ ದುಡಿಯುತ್ತಾನೆ, ಅವನ ಮುಂದೆ ನಾನು ನಿಲ್ಲಲಾರೆ.
ಆದರೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ
ಅಂಗಡಿ ತೆರೆಯುವುದೇ ಇಲ್ಲ."
ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು
ತೊಳೆಯುವುದನ್ನು ಹೊಡೆದುಹಾಕಿದಳು.
ಒಣಗಿಸುವುದನ್ನು, ಎಂದು ಬರೆದಳು,
ಹಾಳೆಯ ಬೆನ್ನಿಗೂ ಮೂಡುವಷ್ಟು ಒತ್ತಿ.

ಆಮೇಲಿನದು ನನ್ನ ಕಸುಬು.
ಹಳೆಯ ಡ್ರೈಯರ್, ಗ್ಯಾಸಿನದು: ಮೂರು ಲಕ್ಷ ಅರವತ್ತು ಸಾವಿರ ಪೆಸೊ.
ಮಾವನ ಗ್ಯಾರೇಜಿನ ಬಾಡಿಗೆ ತಿಂಗಳಿಗೆ ತೊಂಬತ್ತು ಸಾವಿರ
(ಮಾವನಾದರೂ ಬರೆದುಕೋ; ಬರೆಯದ ಬಾಡಿಗೆ ಊಟದ ಮೇಜಿಗೆ ಬರುತ್ತದೆ).
ಒಂದು ಬುಟ್ಟಿ ಬಟ್ಟೆಗೆ ಎರಡೂವರೆ ಸಾವಿರ.
ಗ್ಯಾಸು, ಕರೆಂಟು ಕಳೆದರೆ ಕೈಗೆ ಸಾವಿರದೆಂಟುನೂರು.
ದಿನಕ್ಕೆ ಎರಡು ಬುಟ್ಟಿ ಮಾವನದು.
ಆರು ಬಂದರೆ, ಮಿಕ್ಕ ನಾಲ್ಕು ಮಷಿನ್ನಿನದು, ಐವತ್ತು ದಿನ.
"ಹಾಗಾದರೆ ನನ್ನದು?"
ಏಳನೆಯ ಬುಟ್ಟಿ.
ಅವಳು ಕಿಟಕಿಯಿಂದ ಮತ್ತೆ ಹಗ್ಗಗಳನ್ನು ಎಣಿಸತೊಡಗಿದಳು,
ಈ ಸಲ ದನಿ ಇಳಿಯಲಿಲ್ಲ.

ಬೇಸಿಗೆಯಲ್ಲಿ ಏನು ಮಾಡುತ್ತೀಯ ಎಂಬಲ್ಲಿ
ಹೋಟೆಲು, ಪ್ರವಾಸಿಗರು, ಹೊದಿಕೆ ಎಂದೆಲ್ಲ ಸೂಚಿಸಿದೆ.
ಅವಳು ಬರೆದದ್ದು: ಬೀಗ ಹಾಕುತ್ತೇನೆ. ದ್ರಾಕ್ಷಿ ಕೀಳಲು ಹೋಗುತ್ತೇನೆ.
ಮುಚ್ಚುವ ದಿನವನ್ನೂ ಬರೆದಿಟ್ಟ ಯೋಜನೆ
ನಾನು ಕಂಡದ್ದು ಅದೊಂದೇ.

ಅಂಗಡಿಯ ಹೆಸರಿಗೆ ಜಾಗ ಉಳಿಯಲಿಲ್ಲ.
ಹಾಳೆ ಮಡಚಿಕೊಂಡು ಮಂಜಿನೊಳಗೆ ಇಳಿದು ಹೋದಳು,
ಹದಿನಾಲ್ಕು ಪುಟ ನನ್ನ ಮೇಜಿನ ಮೇಲೆ ಬಿಟ್ಟು.

ರಾತ್ರಿ ನಿದ್ದೆ ಬಾರದೆ ಮತ್ತೆ ತಿರುವಿದೆ.
ಏಳನೆಯ ಪುಟ, ಕೆಳಗಿನಿಂದ ಮೂರನೆಯ ಸಾಲು:
ಚಳಿಗಾಲದಲ್ಲಿ ಅಮ್ಮ ಒದ್ದೆ ಅಂಗಿಗಳನ್ನು ಹೊತ್ತು
ಬೇಕರಿಯ ಒಲೆಯ ಹಿಂಬದಿಗೆ ಹೋಗುತ್ತಿದ್ದಳು,
ಅಂಗಿಗೊಂದು ಕಾಸು ಬೇಕರಿಯವನಿಗೆ,
ಎರಡು ಕಾಸು ತನಗೆ.

ಬೆಳಿಗ್ಗೆ ಓದಿದ್ದೆ. ಕಣ್ಣು ದಾಟಿ ಹೋಗಿತ್ತು.
ಪೆನ್ಸಿಲ್ ತೆಗೆದುಕೊಂಡು, ಹಳೆಯ ಚಾಳಿ,
ಅಂಚಿನಲ್ಲಿ ಲೆಕ್ಕ ಹಾಕಿದೆ.
ತಾಳೆಯಾಯಿತು.