ಹಳದಿ ಬರಲು ತಡವಾದರೆ

ಚಾರ್ಮಾಡಿ ಹತ್ತಿ ಬಂದ ಐಸ್ ಗಾಡಿಯಲ್ಲಿ
ಬಂಗುಡೆ ಹಿಂದೆ; ಮುಂದಿನ ಸೀಟಿನಲ್ಲಿ
ಬೆಲ್ಟು ಬಿಗಿದುಕೊಂಡು ಕೂತಿದೆ ನನ್ನ ಕ್ಯಾನು.
ಒಳಗೆ ಹೊಗೆಯಾಡುವ ಚಳಿ, ಅದರೊಳಗೆ
ಬೋಟಿನಲ್ಲೇ ಬಿಡಿಸಿ ಹಾಕಿದ
ನಲವತ್ತು ಮಿದುಳು, ಒಂದೊಂದೂ ಅವರೆಕಾಳಿನಷ್ಟು.

"ಕೊಟ್ಟಿಗೆಹಾರದಲ್ಲಿ ಟೀಗೂ ಇಳೀಲಿಲ್ಲ ಮೇಡಂ,"
ಮೊಯಿದಿನಬ್ಬ ಕ್ಯಾನು ಇಳಿಸಿದ, ನಿದ್ದೆಹೋದ ಮಗುವನ್ನು ಇಳಿಸಿದ ಹಾಗೆ.
"ಇಷ್ಟು ಹೇಳಿ, ಮೀನು ತಿನ್ನಬಹುದಾ?"
ತಿನ್ನಬಹುದೋ ಎಂದಲ್ಲಪ್ಪ ನನ್ನ ಪ್ರಶ್ನೆ.
ಅದಕ್ಕೇನಾಯಿತು ಎಂದು.
ಮೀನಿಗೇನಾಯಿತು ಅಂತ ಯಾರೂ ಕೇಳಿದ್ದಿಲ್ಲ
ಎಂದು ನಕ್ಕ. ಆಮೇಲೆ ನಗಲಿಲ್ಲ.

ಚಿಕ್ಕಮಗಳೂರಿನ ಕಾಲೇಜು, ಹಿಂದಿನ ಕೊಠಡಿ.
ಅರೆದು, ಸೋಸಿ, ಐಸಿನ ಮೇಲಿಟ್ಟು,
ಗಾಜಿನ ಪುಟ್ಟ ಪೆಟ್ಟಿಗೆಗೆ ಹನಿಯೊಂದನ್ನು ಬಿಟ್ಟು
ಕಾಯುತ್ತೇನೆ.

ಮಿದುಳಲ್ಲೊಂದು ಕಿಣ್ವವಿದೆ. ಅದರ ಕೆಲಸ
ಹಲಗೆ ಒರೆಸುವ ಹುಡುಗನದು:
ನರ ಬರೆದದ್ದನ್ನು ಸ್ನಾಯು ಓದಿದ ಕೂಡಲೇ
ಅಳಿಸಿಬಿಡಬೇಕು.
ಅಳಿಸದಿದ್ದರೆ ಅದನ್ನೇ ಓದುತ್ತ ಓದುತ್ತ
ಈಜು ಈಜು ಈಜು ಎಂದು
ನಿಂತಲ್ಲೇ ನಡುಗುತ್ತದೆ ಮೈ.
ಕಿಣ್ವ ನೆಟ್ಟಗಿದ್ದರೆ ನೀರು ಬೇಗ ಹಳದಿಗೆ ತಿರುಗುತ್ತದೆ.
ಔಷಧಿ ತಾಕಿದ್ದರೆ ತಡ.

ಔಷಧಿ. ನೋಡಿ, ನಾನೂ ಹಾಗೇ ಅಂದೆ.
ಎಸ್ಟೇಟಿನ ಲೈನುಮನೆಯಲ್ಲಿ ಬೆಳೆದ ಬಾಯಿ;
ಕಾಂಡಕೊರಕಕ್ಕೆ ಹೊಡೆಯುವುದಕ್ಕೆ
ನಮ್ಮಲ್ಲಿ ಬೇರೆ ಹೆಸರಿರಲಿಲ್ಲ.
ಮಾವ ಹೂವಪ್ಪ ಬೆನ್ನಿಗೆ ಕ್ಯಾನು ಕಟ್ಟಿ
ಮೂವತ್ತು ವರ್ಷ ಅರೇಬಿಕಾ ಗಿಡಗಳಿಗೆ ಔಷಧಿ ಹೊಡೆದ.
ಸಂಜೆ ತೊರೆಯಲ್ಲಿ ಕ್ಯಾನು ತೊಳೆದ, ಕೈ ತೊಳೆದ.
ತೊರೆ ಘಟ್ಟ ಇಳಿಯಿತು.
ಅದಕ್ಕೆ ಇಳಿಯುವುದಷ್ಟೇ ಗೊತ್ತು.

ನಲವತ್ತರಲ್ಲಿ ಹನ್ನೊಂದು ತಡ.
ಇಷ್ಟರಿಂದ ಏನನ್ನೂ ಹೇಳಲಾಗದು.
ಸಮುದ್ರಕ್ಕೆ ನೂರು ಬಾಯಿ; ಯಾವ ಚರಂಡಿ, ಯಾವ ತೋಟ,
ಕಿಣ್ವ ಊರಿನ ಹೆಸರು ಹೇಳುವುದಿಲ್ಲ.
ವರದಿಯಲ್ಲೂ ಹಾಗೇ ಬರೆದೆ. ಸುಳ್ಳಲ್ಲ.

ಭಾನುವಾರ ಮಾವನ ಮನೆಯಲ್ಲಿ ಬಂಗುಡೆ ಸಾರು.
ಲೋಟ ಎತ್ತಿದ. ನೀರಿನ ಮೇಲೆ ಸಣ್ಣ ಅಲೆ,
ಲೋಟ ಕೆಳಗಿಡುವವರೆಗೂ ನಿಲ್ಲದ ಅಲೆ.
"ತಲೆ ನಿಂಗೆ," ಎಂದು ನನ್ನ ತಟ್ಟೆಗಿಟ್ಟ,
"ನೀನೇ ಅಲ್ವಾ ಮೀನಿನ ತಲೆ ಓದೋಳು."

ಬ್ಯಾಗಿನಲ್ಲಿ ಸೂಜಿ ಇತ್ತು, ಒಂದು ಖಾಲಿ ನಳಿಕೆ.
ರಕ್ತದಲ್ಲೂ ಅದೇ ಕಿಣ್ವ, ಅದೇ ಹಳದಿ.
ಕೇಳಬೇಕೆಂದೇ ಬಂದಿದ್ದೆ.
ಮುಳ್ಳು ಬಿಡಿಸುತ್ತ ಕೂತೆ.