ಆರು ಟಿಕೆಟ್ಟು

ಗುರುವಾರ ಬೆಳಗ್ಗೆ ಒಂಬತ್ತೂ ನಲವತ್ತಕ್ಕೆ ಒಂದೇ ಆಟ,
ಬಸ್‌ಸ್ಟ್ಯಾಂಡಿನ ಹಿಂದಿನ ಟಾಕೀಸಿನಲ್ಲಿ.
ಆರು ಟಿಕೆಟ್ಟಾದರೂ ಹೋಗದಿದ್ದರೆ ಅದೂ ಇಲ್ಲ
ಎಂದಿತು ಫೋನಿನ ಗಂಟಲು.
ನನ್ನ ಉತ್ತರ ಅದಕ್ಕೆ ಬೇಕಿರಲಿಲ್ಲ. ಇಟ್ಟುಬಿಟ್ಟಿತು.

ಏಳು ವರ್ಷ ಬರೆದನಂತೆ ಮುದುಕ.
ಹುಡುಗಿಯೊಬ್ಬಳು ಬಾವಿಗೆ ಬಗ್ಗಿ ಕೊಡ ಎತ್ತುವಷ್ಟಕ್ಕೇ
ನೂರಾ ಎಂಬತ್ತು ಹಾಳೆ,
ಒಂದೊಂದೂ ಕೈಯಲ್ಲೇ.
ಊರೂರ ಬಹುಮಾನ ಬಂದಿದೆಯಂತೆ, ಕೈ ನಡುಗುತ್ತದಂತೆ,
ಇದೇ ಕೊನೆಯದಂತೆ.
ಇಷ್ಟೊಂದು ಅಂತೆಗಳಿಗೆ ರಜೆ ಹಾಕುವುದೆ?

ನನ್ನದು ಎಕ್ಸ್‌ರೇ ಕೋಣೆ, ಕೋಲಾರದ ದೊಡ್ಡಾಸ್ಪತ್ರೆ.
ಹತ್ತೊಂಬತ್ತು ವರ್ಷದಿಂದ ಮೂರು ಭಾಷೆಯಲ್ಲಿ ಒಂದೇ ಮಾತು:
ಉಸಿರು ಬಿಗಿಹಿಡೀರಿ.
ಊಪಿರಿ ಬಿಗಪಟ್ಟಂಡಿ.
ಸಾಂಸ್ ರೋಕೋ ಅಮ್ಮಾ.
ಆಮೇಲೆ, ಬಿಡಿ.
ಮೊದಲು ಫಿಲ್ಮಿತ್ತು. ನೀರಿಂದೆತ್ತಿ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರೆ
ಟೊಮೆಟೊ ಬಾಕ್ಸು ಬಿದ್ದ ಹಮಾಲಿಯ ಕಾಲ್ಬೆರಳು
ಬಿದಿಗೆ ಚಂದ್ರನಂತೆ ಮೂಡುತ್ತಿತ್ತು.
ಈಗ ಕಂಪ್ಯೂಟರು. ಪೆಟ್ಟಿಗೆ ಮೂಲೆ ಸೇರಿದೆ,
ಟ್ಯೂಬು ಇನ್ನೂ ಹತ್ತುತ್ತದೆ.
ಒಂದು ಮಧ್ಯಾಹ್ನ ಅದರ ಮೇಲೆ ಹಾಳೆಯಿಟ್ಟು,
ಹಾಳೆಯ ಮೇಲೆ ಹಾಳೆಯಿಟ್ಟು, ಗುಬ್ಬಿ ಬರೆದೆ:
ರೆಕ್ಕೆ ಮೇಲೆ, ರೆಕ್ಕೆ ನಡುವೆ, ರೆಕ್ಕೆ ಕೆಳಗೆ.
ಇಪ್ಪತ್ತೆರಡು ಹಾಳೆ ಹೆಬ್ಬೆರಳಿಂದ ಸರ್ರನೆ ಬಿಟ್ಟರೆ
ಗುಬ್ಬಿ ಹಾರಲಿಲ್ಲ,
ಬಿಕ್ಕಳಿಸಿತು.
ಷಾಹೀನ್ ಸಿಸ್ಟರ್ ನಕ್ಕಳು, ನಾನೂ ನಕ್ಕೆ.
ಅವಳನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ತಿಂಗಳು ತಡೆದರೆ ಫೋನಿಗೇ ಬರುತ್ತೆ ಬಿಡೇ, ಅಂದಳು ಅವಳೇ.
ಬರುತ್ತೆ. ಅಂಗೈಯಗಲ ಆಕಾಶ,
ಅದರ ನಡುವೆ ಗ್ಯಾಸ್ ಸಿಲಿಂಡರಿನ ಮೆಸೇಜು.
ಟಾಕೀಸೇನು ಸ್ವರ್ಗವೆ? ಪರದೆಯ ಎಡಮೂಲೆಗೆ
ಪಾರಿವಾಳದ ಕಲೆ,
ಸೂರ್ಯ ಹುಟ್ಟಿದರೂ ಅದನ್ನು ಮೆತ್ತಿಕೊಂಡೇ ಹುಟ್ಟಬೇಕು.
ಮಾತು ಯಾವುದೋ ದ್ವೀಪದ್ದು, ಕೆಳಗೆ ಇಂಗ್ಲಿಷಕ್ಷರ.
ನಾನು ಕೂಡಿಸಿ ಓದುವಷ್ಟರಲ್ಲಿ ಹುಡುಗಿ
ಕೊಡ ಹೊತ್ತು ಮನೆ ಮುಟ್ಟಿರುತ್ತಾಳೆ.

ಇವೆಲ್ಲ ನೆಪ.

ಬೊಂಬೆ ಸಿನಿಮಾ ಅಲ್ವಾ, ಮಕ್ಕಳಿಗೆ ತೋರಿಸೋದು,
ಅಂದರು ನಮ್ಮತ್ತಿಗೆ.
ಅಂದವರೇ ಗಡಿಬಿಡಿಯಲ್ಲಿ
ಸಾಸಿವೆ ಸಿಡಿಯುವ ಮೊದಲೇ ಸಾರಿಗೆ ಒಗ್ಗರಣೆ ಸುರಿದರು.
ನಲವತ್ನಾಲ್ಕು ನನಗೆ. ಮನೆಯಲ್ಲಿ ನಾನು, ನಮ್ಮವರು,
ಬಾಬಿನ್ ತಪ್ಪಿದ ಒಂದು ಹೊಲಿಗೆ ಮಿಷನ್ನು.
ಪಕ್ಕದ ಮನೆಯಲ್ಲಿ ಸಾಲ ಕೇಳಬಹುದಲ್ಲ,
ಕಾಫಿಪುಡಿ ಕೇಳಿದ ಹಾಗೆ,
ಎರಡು ಗಂಟೆ ಮಟ್ಟಿಗೆ ಒಂದು ಮಗುವನ್ನ?
ಕೇಳಿದೆ ಕೂಡ.
ಸ್ಕೂಲಿದೆ ಆಂಟಿ, ಅಂದಳು ಚಾರ್ವಿ.
ಇಲ್ದಿದ್ರೂ ಬರಲ್ಲ, ಅದ್ರಲ್ಲಿ ಫೈಟೇ ಇಲ್ವಂತೆ.

ಅರ್ಧ ದಿನದ ರಜೆ. ಕಾರಣ: ಸ್ವಂತ ಕೆಲಸ.
ಇಷ್ಟು ಸ್ವಂತದ್ದನ್ನು ಆ ಗೆರೆಯ ಮೇಲೆ ಎಂದೂ ಬರೆದಿರಲಿಲ್ಲ.
ಮನೆಯಲ್ಲಿ ಡ್ಯೂಟಿ ಅಂದೆ, ಆಸ್ಪತ್ರೆಯಲ್ಲಿ ಮನೆ ಅಂದೆ,
ಎರಡರ ನಡುವೆ ಕ್ಲಾಕ್ ಟವರಿನ ಹತ್ತಿರ
ಆಟೋ ಇಳಿದು, ಚಿಲ್ಲರೆಗೆ ಜಗಳವಾಡಿ,
ಇನ್ನೂ ತಿರುಗಿ ಹೋಗಬಹುದು ಎಂದುಕೊಳ್ಳುತ್ತಲೇ ನಡೆದೆ.

ಕಿಂಡಿಯೊಳಗೆ ಪಿಳ್ಳಪ್ಪ ಇಡ್ಲಿ ತಿನ್ನುತ್ತಿದ್ದ.
ಹೋದ ವರ್ಷ ಸ್ಕೂಟರಿಂದ ಬಿದ್ದವನು.
ಅವನ ಹೆಗಲ ಮೂಳೆ ನನಗೆ ಗೊತ್ತು,
ನನ್ನ ಮುಖ ಅವನಿಗೆ ಗೊತ್ತಿಲ್ಲ.
ನಾಲ್ಕು ಹೋಗಿವೆ, ನೀವೊಬ್ರೇನಾ? ಅಂದ.
ಮೆಟ್ಟಿಲ ಮೇಲೆ ನಾಲ್ಕು ಕಾಲೇಜು ಹುಡುಗರು
ನನ್ನನ್ನಲ್ಲ, ನನ್ನ ಹಿಂದೆ ನೋಡಿದರು.
ಹಿಂದೆ ಮಾಲೂರಿನ ಬಸ್ಸು, ಕಡ್ಲೆಕಾಯಿ ಗಾಡಿ,
ಬಿಸಿಲು.

ಎರಡು ಕೊಡಪ್ಪ, ಅಂದೆ.
ಇನ್ನೊಬ್ರೆಲ್ಲಿ?
ಬ್ಯಾಗಿನಲ್ಲಿ ಚಿತ್ರಾನ್ನವಿದೆ ಎನ್ನಲಾದೀತೆ?
ಬರ್ತಾರೆ, ಅಂದೆ.
ಅವನು ಕೈ ಒರೆಸಿಕೊಂಡು ನೋಟು ಎಣಿಸಿದ,
ಮತ್ತೆ ಎಣಿಸಿದ, ಗಡಿಯಾರ ನೋಡಿದ.

ಉಸಿರು ಬಿಗಿಹಿಡಿದಿದ್ದೆನೆಂದು
ಬೆಲ್ಲು ಹೊಡೆದ ಮೇಲೆ ಗೊತ್ತಾಯಿತು.